ಎಳ್ಳಿಲ್ಲದ ಎಣ್ಣೆ, ಸೋಡಾ ಇಲ್ಲದ ಸೋಡಾ

ದಾವಣಗೆರೆಯ ಬೀಡಾ ಅಂಗಡಿಯ ಮುಂದೆ ನಿಂತು ‘ಒಂದು ಸೋಡಾ ಕೊಡಿ’ ಎಂದವರಿಗೆ ಸಿಗುವುದು ಸಪ್ಪೆಯಾದ, ಗಂಟಲಲ್ಲಿ ಚುರುಗುಟ್ಟುವ ನೀರು. ಬೇಡಿದರೆ ಅಂಗಡಿಯಾತ ಅದಕ್ಕೆ ನಿಂಬೆ ಹಿಂಡಿ, ಉಪ್ಪು ಹಾಕಿ, ನೊರೆ ಉಕ್ಕಿಸಿ ಕೊಟ್ಟಾನು. ಅದೇ ಸೋಡಾವನ್ನು ನ್ಯೂಯಾರ್ಕಿನ ಹೋಟೆಲಿನಲ್ಲಿ ಕೇಳಿದರೆ ‘ಯಾವ ಸೋಡಾ?’ ಎಂಬ ಮರುಪ್ರಶ್ನೆ ಬರುತ್ತದೆ, ಏಕೆಂದರೆ ಅಲ್ಲಿ ಆ ಮಾತಿನ ಅಡಿ ಕೋಕಾ-ಕೋಲಾ, ಸ್ಪ್ರೈಟ್, ಫ್ಯಾಂಟಾ ಮೊದಲಾದ ಸಿಹಿಯಾದ ಗುಳ್ಳೆ ಪಾನೀಯಗಳೆಲ್ಲವೂ ಬರುತ್ತವೆ. ಷಿಕಾಗೋ ತಲುಪುವಷ್ಟರಲ್ಲಿ ಅದೇ ಬಾಟಲಿಗೆ ‘ಪಾಪ್’ ಎಂಬ ಹೆಸರಾಗಿರುತ್ತದೆ. ತೆಂಕಣಕ್ಕಿಳಿದು ಅಟ್ಲಾಂಟಾಕ್ಕೆ ಹೋದರೆ ಎಲ್ಲವೂ ‘ಕೋಕ್’. ಕೋಕಾ-ಕೋಲಾದ ಎದುರಾಳಿ ಕಂಪನಿಯ ಪಾನೀಯವೂ ಕೋಕ್, ಕಿತ್ತಳೆ ಬಣ್ಣದ್ದೂ ಕೋಕ್.

ಅಮೆರಿಕಕ್ಕೆ ಹೋಗಿ ಬಂದವರು ಇದನ್ನು ತಮಾಷೆಯ ಸಂಗತಿಯಾಗಿ ಹೇಳುತ್ತಾರೆ. ಹೇಳಿದ ಕೂಡಲೇ ಕೇಳುವವರಲ್ಲೊಬ್ಬರು ‘ಹಾಗಾದರೆ ಸರಿಯಾದ ಪದ ಯಾವುದು?’ ಎಂದು ಕೇಳುತ್ತಾರೆ. ಈ ಪ್ರಶ್ನೆ ನನ್ನ ತಾಳ್ಮೆಯನ್ನು ಪ್ರತಿಸಲವೂ ಕೆಡಿಸುತ್ತದೆ. ಮೈಸೂರಿನವರ ಕಡಲೆಕಾಯಿ ಸರಿಯೋ ಧಾರವಾಡದವರ ಶೇಂಗಾ ಸರಿಯೋ ಎಂದು ಕೇಳಿದಂತೆಯೇ ಇದು. ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಒಂದೇ ಟೆಲಿವಿಷನ್ ನೋಡುವ, ಒಂದೇ ಕಾರ್ಖಾನೆಯ ಬಾಟಲಿ ಕುಡಿಯುವ, ಉದ್ಯೋಗಕ್ಕಾಗಿ ಊರೂರು ಬದಲಿಸುವ ಜನರ ನಡುವೆ ಈ ಮೂರು ಪದಗಳು ಬೆರೆತು ಏಕರೂಪವಾಗುವ ಬದಲು ಭೂಪಟದ ಮೇಲೆ ಮೂರು ರಾಜ್ಯಗಳಂತೆ ಗಡಿ ಕೊರೆದುಕೊಂಡು ಕುಳಿತಿರುವುದು ಹೇಗೆ?

ಗಡಿ ಎಂಬುದು ಉತ್ಪ್ರೇಕ್ಷೆಯೇನಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಭಾಷಾವಿಜ್ಞಾನಿ ಬರ್ಟ್ ವೋ 2002ರ ಸುಮಾರಿಗೆ ನಡೆಸಿದ ಉಪಭಾಷೆಗಳ ಸಮೀಕ್ಷೆಯಲ್ಲಿ ಇದೂ ಒಂದು ಪ್ರಶ್ನೆಯಾಗಿತ್ತು. ಉತ್ತರಿಸಿದವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಸೋಡಾ ಎಂದರು, ಕಾಲು ಭಾಗ ಪಾಪ್ ಎಂದರು, ಎಂಟರಲ್ಲಿ ಒಬ್ಬರಂತೆ ಕೋಕ್ ಎಂದರು. ಈ ಉತ್ತರಗಳನ್ನು ಊರೂರಿನ ಮೇಲೆ ಚುಕ್ಕಿಯಿಟ್ಟು ನೋಡಿದರೆ ಈಶಾನ್ಯದ ರಾಜ್ಯಗಳು ಮತ್ತು ಕ್ಯಾಲಿಫೋರ್ನಿಯಾ ಸೋಡಾದ ಬಣ್ಣ ತಳೆಯುತ್ತವೆ. ಮಹಾಸರೋವರಗಳ ಸುತ್ತಲಿನ ಮಧ್ಯಪಶ್ಚಿಮ ಪ್ರದೇಶ ಮತ್ತು ವಾಯವ್ಯದ ವಾಷಿಂಗ್ಟನ್, ಆರೆಗಾನ್ ಪಾಪ್‌ನದ್ದಾಗುತ್ತವೆ. ಜಾರ್ಜಿಯಾದಿಂದ ಟೆಕ್ಸಸ್‌ವರೆಗಿನ ದಕ್ಷಿಣ ಕೋಕ್‌ನದ್ದಾಗುತ್ತದೆ. ಪೆನ್ಸಿಲ್ವೇನಿಯಾ ಎಂಬ ಒಂದೇ ರಾಜ್ಯದೊಳಗೆ ಪೂರ್ವದ ಫಿಲಡೆಲ್ಫಿಯಾ ಸೋಡಾ ಕುಡಿಯುತ್ತದೆ, ಪಶ್ಚಿಮದ ಪಿಟ್ಸ್‌ಬರ್ಗ್ ಪಾಪ್ ಕುಡಿಯುತ್ತದೆ. ಇಂಥ ಭೂಪಟಗಳಲ್ಲಿ ಒಂದು ಜಿಲ್ಲೆಗೆ ಬಳಿದ ಬಣ್ಣವು ಅಲ್ಲಿ ಅತಿ ಹೆಚ್ಚು ಬಂದ ಉತ್ತರವನ್ನು ಮಾತ್ರ ತೋರಿಸುತ್ತದೆ ಎಂಬುದನ್ನು ಮರೆಯಬಾರದು. ಪಾಪ್ ಎನ್ನುವ ಜಿಲ್ಲೆಯಲ್ಲಿ ಮೂವರಲ್ಲಿ ಒಬ್ಬರು ಸೋಡಾ ಎನ್ನುತ್ತಿರಬಹುದು. ಬಣ್ಣ ನೋಡಿ ಜನರನ್ನು ಅಳೆಯುವವರು ಇದನ್ನು ಮರೆತೇ ಬಿಡುತ್ತಾರೆ.

ಮೊದಲು ಸೋಡಾದ ಜಾತಕ ನೋಡೋಣ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಪಾದ್ರಿಯಾಗಿದ್ದ ಜೋಸೆಫ್ ಪ್ರೀಸ್ಟ್ಲಿಯ ಮನೆಯ ಪಕ್ಕದಲ್ಲೇ ಬಿಯರ್ ತಯಾರಿಸುವ ಕಾರ್ಖಾನೆಯಿತ್ತು. ಹುದುಗುವ ತೊಟ್ಟಿಗಳ ಮೇಲೆ ಒಂದು ಬಗೆಯ ಭಾರವಾದ ಗಾಳಿ ಮಡುಗಟ್ಟಿ ನಿಲ್ಲುವುದನ್ನು ಗಮನಿಸಿದ ಆತ, ಆ ಗಾಳಿಯೊಳಗೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರನ್ನು ಹೊಯ್ದು ಹೊಯ್ದು ಗುಳ್ಳೆ ತುಂಬಿದ ನೀರನ್ನು ಪಡೆದ. ಅದು ಇಂದು ನಾವು ಇಂಗಾಲದ ಡೈಆಕ್ಸೈಡ್ ಎನ್ನುವ ಅನಿಲ. ಸುಣ್ಣಕಲ್ಲಿನ ಪುಡಿಯ ಮೇಲೆ ಗಂಧಕಾಮ್ಲ ಸುರಿದು ಅದೇ ಅನಿಲವನ್ನು ಪಡೆದು ನೀರಿಗೆ ಬೆರೆಸುವ ವಿಧಾನವನ್ನು 1772ರಲ್ಲಿ ಪ್ರಕಟಿಸಿದ ಪ್ರೀಸ್ಟ್ಲಿ, ಅದರಿಂದ ಒಂದು ಪೈಸೆಯನ್ನೂ ಗಳಿಸಲಿಲ್ಲ. ಗಳಿಸಿದ್ದು 1783ರಲ್ಲಿ ಜಿನೀವಾದಲ್ಲಿ ಕಂಪನಿ ಹೂಡಿದ ಜೇಕಬ್ ಶ್ವೆಪ್. ಆಗಿನ ವೈದ್ಯರಿಗೂ ಔಷಧ ವ್ಯಾಪಾರಿಗಳಿಗೂ ಬೇಕಾಗಿದ್ದುದು ಯುರೋಪಿನ ಖನಿಜ ಬುಗ್ಗೆಗಳ ನೀರಿನ ನಕಲು. ಆ ಬುಗ್ಗೆಗಳ ಗುಣವನ್ನು ತರಲೆಂದು ಅವರು ಗುಳ್ಳೆಯ ನೀರಿಗೆ ಸೋಡಾಕ್ಷಾರವನ್ನು ಬೆರೆಸಿದರು, ಹೀಗಾಗಿ ಅದು ‘ಸೋಡಾ ನೀರು’ ಆಯಿತು. 1806ರಲ್ಲಿ ಯೇಲ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಬೆಂಜಮಿನ್ ಸಿಲಿಮನ್ ನ್ಯೂ ಹೇವನ್ ಪಟ್ಟಣದಲ್ಲಿ ಅದನ್ನು ಮಾರಲು ತೊಡಗಿದ್ದ. ಅನಂತರ ಅಮೆರಿಕದ ಔಷಧದಂಗಡಿಗಳಲ್ಲಿ ಸೋಡಾ ನೀರಿನ ನಲ್ಲಿಗಳು ಬಂದವು, ನೀರಿಗೆ ಹಣ್ಣಿನ ಪಾಕ ಬೆರೆಯಿತು, ಸೋಡಾಕ್ಷಾರ ಮೆಲ್ಲನೆ ಜಾಗ ಖಾಲಿ ಮಾಡಿತು. ಉಳಿದದ್ದು ಹೆಸರು ಮಾತ್ರ. ಇಂದಿನ ಅಮೆರಿಕನ್ ಸೋಡಾದಲ್ಲಿ ಸಕ್ಕರೆಯಿದೆ, ಆಮ್ಲವಿದೆ, ಬಣ್ಣವಿದೆ. ಯಾವುದರಿಂದ ಆ ಹೆಸರು ಬಂತೋ ಆ ಕ್ಷಾರ ಮಾತ್ರ ಇಲ್ಲ. ಈ ದೃಷ್ಟಿಯಿಂದ ನಮ್ಮ ಬೀಡಾ ಅಂಗಡಿಯ ಸಪ್ಪೆ ಸೋಡಾವೇ ಮೂಲದ ಅರ್ಥಕ್ಕೆ ಹೆಚ್ಚು ಹತ್ತಿರವಾಗಿದೆ.

ಪಾಪ್‌ನ ಕಥೆ ಚಿಕ್ಕದು, ಆದರೆ ಸುಳ್ಳುಗಳು ಮೆತ್ತಿಕೊಂಡಿರುವುದು ಇದಕ್ಕೇ ಹೆಚ್ಚು. 1907ರಲ್ಲಿ ಡೆಟ್ರಾಯಿಟ್‌ನಲ್ಲಿ ಫೇಗೋ ಪಾನೀಯಗಳನ್ನು ಆರಂಭಿಸಿದ ಫೀಗೆನ್‌ಸನ್ ಸಹೋದರರೇ ಬಾಟಲಿಯ ಸದ್ದು ಕೇಳಿ ಈ ಪದ ಹುಟ್ಟಿಸಿದರು ಎಂಬ ಕಥೆ ಪ್ರಚಾರದಲ್ಲಿದೆ. ಷಿಕಾಗೋದ ಚಾರ್ಲ್ಸ್ ಹಚಿನ್‌ಸನ್ 1879ರಲ್ಲಿ ಪೇಟೆಂಟ್ ಪಡೆದ ತಂತಿಯ ಬಿರಡೆಯನ್ನು ಒಳಕ್ಕೆ ಅದುಮಿದಾಗ ಬರುತ್ತಿದ್ದ ಸದ್ದೇ ಇದರ ಮೂಲವೆಂದು ಇನ್ನು ಕೆಲವರು ಹೇಳುತ್ತಾರೆ. ಇಬ್ಬರಿಗೂ ಬಹಳ ಮೊದಲೇ, 1812ರಲ್ಲಿ, ಇಂಗ್ಲಿಷ್ ಕವಿ ರಾಬರ್ಟ್ ಸದಿ ತನ್ನ ಪತ್ರವೊಂದರಲ್ಲಿ ಸೋಡಾ ನೀರಿಗೂ ಶುಂಠಿ ಬಿಯರಿಗೂ ನಡುವಿನ ಒಂದು ಪಾನೀಯವನ್ನು ಹೊಗಳಿ, ಬಿರಡೆ ಕಿತ್ತಾಗ ಅದು ಪಾಪ್ ಎನ್ನುವುದರಿಂದ ಅದಕ್ಕೆ ಆ ಹೆಸರು ಎಂದು ಬರೆದಿದ್ದಾನೆ. ಹಚಿನ್‌ಸನ್ನನ ಬಿರಡೆ ಹಳೆಯ ಹೆಸರಿಗೆ ಹೊಸ ಬಲ ಕೊಟ್ಟಿತೆನ್ನಬಹುದು, ಹುಟ್ಟು ಕೊಡಲಿಲ್ಲ. ನಮ್ಮಲ್ಲಿಯೂ ಬಾಟಲಿಯೇ ಹೆಸರು ಕೊಟ್ಟಿದೆ, ಆದರೆ ಸದ್ದಿನಿಂದಲ್ಲ. ಲಂಡನ್ನಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿಯ ಕೊರಳಲ್ಲಿ ಗಾಜಿನ ಗುಂಡೊಂದು ಒಳಗಿನ ಅನಿಲದ ಒತ್ತಡದಿಂದಲೇ ಬಾಯಿಗೆ ಒತ್ತಿ ನಿಲ್ಲುತ್ತಿತ್ತು. ಇಂಗ್ಲೆಂಡಿನಲ್ಲಿ ಅದು ವಸ್ತುಸಂಗ್ರಹಾಲಯ ಸೇರಿ ಎಷ್ಟೋ ಕಾಲವಾಯಿತು. ಇಲ್ಲಿ ಗೋಲಿ ಸೋಡಾ ಎಂಬ ಹೆಸರಿನಲ್ಲಿ ಇನ್ನೂ ಉಸಿರಾಡುತ್ತಿದೆ. ಆ ಬಾಟಲಿಯ ತಳದ ದಪ್ಪ ಗಾಜು ನಮ್ಮ ಶಾಲೆಗಳಲ್ಲಿ ದಪ್ಪ ಕನ್ನಡಕದ ಹುಡುಗರಿಗೆಲ್ಲ ‘ಸೋಡಾಬುಡ್ಡಿ’ ಎಂಬ ಬಿರುದನ್ನೂ ದಯಪಾಲಿಸಿದೆ.

ಇನ್ನು ಕೋಕ್. ದಕ್ಷಿಣದವರ ಈ ಬಳಕೆಯನ್ನು ಕಂಡು ಉಳಿದ ಅಮೆರಿಕನ್ನರು ನಗುತ್ತಾರೆ. ‘ಕೋಕ್ ಕುಡಿಯುತ್ತೀರಾ?’ ‘ಹೂಂ.’ ‘ಯಾವ ಕೋಕ್?’ ‘ಡಾಕ್ಟರ್ ಪೆಪ್ಪರ್.’ ಡಾಕ್ಟರ್ ಪೆಪ್ಪರ್ ಎಂಬುದು ಬೇರೆಯೇ ಪಾನೀಯವಾದರೂ ಈ ಸಂಭಾಷಣೆ ಅಲ್ಲಿ ಅಸಂಬದ್ಧವಲ್ಲ. ಒಂದು ಜಾತಿಯ ಪ್ರಮುಖ ಸದಸ್ಯನ ಹೆಸರೇ ಇಡೀ ಜಾತಿಗೆ ಹೆಸರಾಗುವುದು ಭಾಷೆಗಳಲ್ಲಿ ಬಹು ಹಳೆಯ ಹಾದಿ, ಮತ್ತು ಕನ್ನಡಿಗರು ಇದನ್ನು ಕಂಡು ನಗುವಂತೆಯೇ ಇಲ್ಲ. ಎಣ್ಣೆ ಎಂಬ ಪದವನ್ನು ಬಿಡಿಸಿ ನೋಡಿ: ಎಳ್ ಎಂದರೆ ಎಳ್ಳು, ನೆಯ್ ಎಂದರೆ ಜಿಡ್ಡು, ತುಪ್ಪ. ಎಳ್ಳಿನ ಜಿಡ್ಡೇ ಎಣ್ಣೆ. ಎಳ್ಳಿನದೇ ಮುಖ್ಯವಾಗಿದ್ದ ಕಾಲದಲ್ಲಿ ಹುಟ್ಟಿದ ಈ ಪದ, ಬೇರೆ ಬೀಜಗಳನ್ನು ಹಿಂಡಿದಾಗ ಬಂದ ದ್ರವಕ್ಕೂ ಅಂಟಿಕೊಂಡಿತು. ಈಗ ನಾವು ನಾಚಿಕೆಯಿಲ್ಲದೆ ಕೊಬ್ಬರಿ ಎಣ್ಣೆ ಎನ್ನುತ್ತೇವೆ, ಭೂಮಿಯಿಂದ ತೆಗೆದದ್ದಕ್ಕೆ ಸೀಮೆಎಣ್ಣೆ ಎನ್ನುತ್ತೇವೆ, ಎಳ್ಳಿನದೇ ಬೇಕಾದಾಗ ಎಳ್ಳೆಣ್ಣೆ ಎಂದು ಎಳ್ಳನ್ನು ಎರಡು ಸಲ ಸುರಿಯುತ್ತೇವೆ. ಸಂಜೆಯ ಹೊತ್ತು ಗೆಳೆಯರು ‘ಎಣ್ಣೆ’ ಎಂದಾಗ ಅದರಲ್ಲಿ ಜಿಡ್ಡೂ ಇರುವುದಿಲ್ಲ. ಟೆಕ್ಸಸ್ಸಿನವನ ‘ಕಿತ್ತಳೆ ಕೋಕ್’ ನಮ್ಮ ಕೊಬ್ಬರಿ ಎಣ್ಣೆಯ ಸೋದರ. ಒಂದಕ್ಕೆ ನೂರು ವರ್ಷದ ವಯಸ್ಸು, ಇನ್ನೊಂದಕ್ಕೆ ಸಾವಿರಕ್ಕೂ ಮಿಗಿಲು, ಅಷ್ಟೇ.

ಕೋಕಾ-ಕೋಲಾ ಹುಟ್ಟಿದ್ದು 1886ರಲ್ಲಿ ಅಟ್ಲಾಂಟಾದಲ್ಲಿ, ಜಾನ್ ಪೆಂಬರ್ಟನ್ ಎಂಬ ಔಷಧ ವ್ಯಾಪಾರಿಯ ಕೈಯಲ್ಲಿ. ಆದ್ದರಿಂದ ದಕ್ಷಿಣದವರು ಕೋಕ್ ಎನ್ನುತ್ತಾರೆ ಎಂಬ ವಿವರಣೆ ಎಲ್ಲೆಡೆ ಸಿಗುತ್ತದೆ. ಅದು ಅರ್ಧ ಸತ್ಯ. ಡಾಕ್ಟರ್ ಪೆಪ್ಪರ್ ಅದಕ್ಕೂ ಒಂದು ವರ್ಷ ಮೊದಲು ಟೆಕ್ಸಸ್ಸಿನ ವೇಕೊದಲ್ಲಿ ಹುಟ್ಟಿತು, ಪೆಪ್ಸಿ-ಕೋಲಾ 1898ರಲ್ಲಿ ಉತ್ತರ ಕೆರೊಲಿನಾದ ನ್ಯೂ ಬರ್ನ್‌ನಲ್ಲಿ ಆ ಹೆಸರು ಪಡೆಯಿತು. ಮೂವರೂ ದಕ್ಷಿಣದ ಮಕ್ಕಳೇ. ತವರೊಂದೇ ಕಾರಣವಾಗಿದ್ದರೆ ಟೆಕ್ಸಸ್ಸಿನವರು ಎಲ್ಲವನ್ನೂ ಪೆಪ್ಪರ್ ಎನ್ನಬೇಕಿತ್ತು. ಯಾರು ಮೊದಲು ಹಳ್ಳಿಯ ಅಂಗಡಿಯವರೆಗೆ ತಲುಪಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. 1894ರಲ್ಲಿ ಮಿಸ್ಸಿಸ್ಸಿಪ್ಪಿಯ ವಿಕ್ಸ್‌ಬರ್ಗ್‌ನ ವ್ಯಾಪಾರಿ ಜೋಸೆಫ್ ಬೀಡೆನ್‌ಹಾರ್ನ್ ಕೋಕಾ-ಕೋಲಾವನ್ನು ಮೊದಲ ಬಾರಿ ಬಾಟಲಿಗೆ ತುಂಬಿದ. 1899ರಲ್ಲಿ ಚಟ್ಟನೂಗಾದ ವಕೀಲರಿಬ್ಬರು ಅಮೆರಿಕದ ಬಹುಭಾಗದಲ್ಲಿ ಬಾಟಲಿ ತುಂಬುವ ಹಕ್ಕನ್ನು ಕೇವಲ ಒಂದು ಡಾಲರಿಗೆ ಪಡೆದರು.

ಕಂಪನಿಗಾದರೋ ಈ ಅಡ್ಡಹೆಸರು ಬೇಕಿರಲಿಲ್ಲ. ಪೂರ್ಣ ಹೆಸರು ಹೇಳಿಯೇ ಕೇಳಿ, ಅಡ್ಡಹೆಸರು ಬಳಸಿದರೆ ನಕಲಿ ಮಾಲು ಸಿಕ್ಕೀತು ಎಂದು ಅದು ಜಾಹೀರಾತು ಕೊಡುತ್ತಿತ್ತು. ಜನ ಕೇಳಲಿಲ್ಲ. ‘ಕೋಕ್’ ಎಂಬುದನ್ನೇ ಬೇರೆ ಅಕ್ಷರದಲ್ಲಿ ಬರೆದು ಹೆಸರಾಗಿಸಿಕೊಂಡ ಕಂಪನಿಯೊಂದರ ಮೇಲೆ ಹೂಡಿದ ಮೊಕದ್ದಮೆ 1920ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತಲುಪಿದಾಗ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಕೋಕಾ-ಕೋಲಾದ ಪರ ತೀರ್ಪಿತ್ತರು. ಆ ಹೆಸರು ಜನರ ಪಾಲಿಗೆ ಒಂದೇ ಮೂಲದಿಂದ ಬರುವ ಒಂದೇ ವಸ್ತುವನ್ನು ಸೂಚಿಸುತ್ತದೆ ಎಂಬುದು ಅವರ ತರ್ಕ. ಸ್ವಾರಸ್ಯವೆಂದರೆ, ಎದುರಾಳಿ ಬಳಸುತ್ತಿದ್ದ ‘ಡೋಪ್’ ಎಂಬ ಇನ್ನೊಂದು ಪದವನ್ನು ಅವರು ತಡೆಯಲಿಲ್ಲ. ಅದು ಯಾವ ಗುರುತೂ ಇಲ್ಲದ ಸಾಮಾನ್ಯ ಮಾತು ಎಂದುಬಿಟ್ಟರು. ದಕ್ಷಿಣದ ಕೆಲವೆಡೆ ಕೋಲಾ ಪಾನೀಯಕ್ಕೆ ಆಗ ಡೋಪ್ ಎಂದೇ ಹೆಸರಿತ್ತು. ಕೊನೆಗೆ ಕಂಪನಿ ಸೋತು ಗೆದ್ದಿತು: 1945ರಲ್ಲಿ ಕೋಕ್ ಎಂಬುದನ್ನೂ ತನ್ನ ಮುದ್ರೆಯಾಗಿ ನೋಂದಾಯಿಸಿಕೊಂಡಿತು. ಆಸ್ಪಿರಿನ್, ಎಸ್ಕಲೇಟರ್ ಎಂಬ ಹೆಸರುಗಳ ಒಡೆಯರು ಅಮೆರಿಕದಲ್ಲಿ ಆ ಭಾಗ್ಯ ಕಾಣದೆ ತಮ್ಮ ಹೆಸರುಗಳನ್ನು ನಿಘಂಟಿಗೆ ಕಳೆದುಕೊಂಡರು.

ಇಷ್ಟು ಪದಗಳು ಹುಟ್ಟಿದ ಬಗೆಯಾಯಿತು. ಅವು ಗಡಿ ಕಾಯ್ದುಕೊಳ್ಳುವ ಬಗೆ ಅದಕ್ಕಿಂತ ಸೊಗಸಾಗಿದೆ. ಪಾಪ್‌ನ ವಿಶಾಲ ರಾಜ್ಯದ ಅಂಚಿನಲ್ಲಿ ಸೋಡಾ ಎನ್ನುವ ಎರಡು ದ್ವೀಪಗಳಿವೆ: ಸೇಂಟ್ ಲೂಯಿಸ್ ಮತ್ತು ಮಿಲ್ವಾಕಿ. ಎರಡೂ ಜರ್ಮನ್ ವಲಸಿಗರು ಬಿಯರ್ ಕಾರ್ಖಾನೆ ಕಟ್ಟಿದ ನಗರಗಳು, ಆದ್ದರಿಂದ ಅದೇ ಕಾರಣ ಎಂದು ಥಟ್ಟನೆ ಹೇಳುವವರಿದ್ದಾರೆ. ಆದರೆ ಅಷ್ಟೇ ಜರ್ಮನ್ ಆದ, ಅಷ್ಟೇ ಬಿಯರಿನ ಸಿನ್ಸಿನಾಟಿ ಪಾಪ್ ಎನ್ನುತ್ತದೆ. ವಲಸೆಯ ಕಥೆ ಪದವೊಂದು ಬಂದದ್ದನ್ನು ವಿವರಿಸಿದರೂ ಉಳಿದದ್ದನ್ನು ವಿವರಿಸಲಾರದು. ಉಳಿವಿಗೆ ಬೇಕಾದ ವಿವರಣೆ ನನ್ನ ಮಟ್ಟಿಗೆ ಲೋಟದೊಳಗೇ ಇದೆ.

ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಗಣಿತಜ್ಞ ಜೇಮ್ಸ್ ಬರಿಡ್ಜ್ 2017ರಲ್ಲಿ ‘ಫಿಸಿಕಲ್ ರಿವ್ಯೂ ಎಕ್ಸ್’ ಪತ್ರಿಕೆಯಲ್ಲಿ, ಉಪಭಾಷೆಗಳ ಗಡಿಗಳಿಗೂ ದ್ರವಗಳಂತೆ ಮೇಲ್ಮೈ ಸೆಳೆತವಿದೆ ಎಂದು ತೋರಿಸಿದರು. ಅವರ ಮಾದರಿಯ ಊಹೆಗಳು ಬಹಳ ಸರಳ. ಮನುಷ್ಯ ಹೆಚ್ಚಾಗಿ ಮಾತನಾಡುವುದು ತನ್ನ ಸುತ್ತಮುತ್ತಲಿನವರೊಂದಿಗೆ. ಕೇಳಿದ ಮಾತುಗಳಲ್ಲಿ ಬಹುಮತದ್ದನ್ನು ಅದರ ಪಾಲಿಗಿಂತ ತುಸು ಹೆಚ್ಚಾಗಿಯೇ ಅನುಸರಿಸುತ್ತಾನೆ. ಈಗ ಸೋಡಾ ಮತ್ತು ಪಾಪ್‌ನ ನಡುವಿನ ಗಡಿ ನೇರವಾದ ಗೆರೆಯೆಂದುಕೊಳ್ಳಿ. ಗೆರೆಯ ಮೇಲೆ ಮನೆ ಕಟ್ಟಿದವನಿಗೆ ಅರ್ಧ ನೆರೆಹೊರೆ ಈ ಕಡೆ, ಅರ್ಧ ಆ ಕಡೆ, ಗಡಿ ಅಲುಗುವುದಿಲ್ಲ. ಗಡಿ ಬಾಗಿದ್ದರೆ ಲೆಕ್ಕ ತಪ್ಪುತ್ತದೆ. ದ್ವೀಪದ ಅಂಚಿನಲ್ಲಿರುವವನ ಸುತ್ತ ಒಂದು ವೃತ್ತ ಎಳೆದರೆ, ಅದರಲ್ಲಿ ದ್ವೀಪದ ಒಳಗೆ ಬೀಳುವ ಪಾಲು ಅರ್ಧಕ್ಕಿಂತ ಕಡಿಮೆ. ಅವನ ಕಿವಿಗೆ ಹೊರಗಿನ ಪದವೇ ಹೆಚ್ಚು ಬೀಳುತ್ತದೆ, ಅವನು ಬದಲಾಗುತ್ತಾನೆ, ದ್ವೀಪ ಒಂದು ಮನೆಯಷ್ಟು ಕುಗ್ಗುತ್ತದೆ. ದ್ವೀಪ ಚಿಕ್ಕದಾದಷ್ಟೂ ಅಂಚಿನ ಬಾಗು ಹೆಚ್ಚು, ಬಾಗು ಹೆಚ್ಚಿದಷ್ಟೂ ಕುಗ್ಗುವ ವೇಗ ಹೆಚ್ಚು.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಬಿಸಿ ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆಹನಿಗಳು ದುಂಡಗಿರುವುದು, ಎರಡು ತಾಗಿದೊಡನೆ ಒಂದೇ ದುಂಡಾಗುವುದು, ಗಡಿಯ ಉದ್ದವನ್ನು ಆದಷ್ಟು ಕಡಿಮೆ ಮಾಡಿಕೊಳ್ಳುವ ಅದೇ ಹಟದಿಂದ. ಸೋಡಾ ಸುರಿದ ಲೋಟದ ನೊರೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಗುಳ್ಳೆಯ ತ್ರಿಜ್ಯ ಅರ್ಧವಾದರೆ ಅದರೊಳಗಿನ ಹೆಚ್ಚುವರಿ ಒತ್ತಡ ಇಮ್ಮಡಿಯಾಗುತ್ತದೆ, ಹಾಗಾಗಿ ಚಿಕ್ಕ ಗುಳ್ಳೆಗಳ ಅನಿಲ ದೊಡ್ಡವುಗಳಿಗೆ ನುಸುಳಿ ಹೋಗುತ್ತದೆ, ಚಿಕ್ಕವು ಮಾಯವಾಗುತ್ತವೆ, ದೊಡ್ಡವು ಊದುತ್ತವೆ. ಸುತ್ತಲೂ ಪರಭಾಷೆಯಿರುವ ಹಳ್ಳಿಯೊಂದರ ಸ್ಥಿತಿ ನೊರೆಯ ಚಿಕ್ಕ ಗುಳ್ಳೆಯ ಸ್ಥಿತಿಯೇ. ಮದುವೆಯ ಪಂಕ್ತಿಯಲ್ಲಿ ಎಡಕ್ಕೂ ಬಲಕ್ಕೂ ಎದುರಿಗೂ ಎಲ್ಲರೂ ಕಲಸಿ ಉಣ್ಣುತ್ತಿರುವಾಗ ಒಬ್ಬನೇ ಚಮಚ ಹಿಡಿದು ಎಷ್ಟು ಹೊತ್ತು ಕುಳಿತಿರಬಲ್ಲ?

ಹಾಗಾದರೆ ಸೇಂಟ್ ಲೂಯಿಸ್ ಏಕೆ ಕರಗಿಲ್ಲ? ಮಾದರಿಯ ಎರಡನೆಯ ಅಂಶ ಇಲ್ಲಿ ಬರುತ್ತದೆ: ಜನಸಾಂದ್ರತೆ. ಅಂಚಿನವನ ಸುತ್ತಲಿನ ವೃತ್ತದಲ್ಲಿ ನೆಲ ಹೊರಗಡೆಯೇ ಹೆಚ್ಚಿರಬಹುದು, ಆದರೆ ನೆಲ ಮಾತನಾಡುವುದಿಲ್ಲ, ಜನ ಮಾತನಾಡುತ್ತಾರೆ. ಹೊರಗಡೆ ಜೋಳದ ಹೊಲಗಳೂ ಒಳಗಡೆ ಲಕ್ಷಾಂತರ ಜನರೂ ಇದ್ದರೆ ಅವನ ಕಿವಿಗೆ ಬೀಳುವುದು ನಗರದ ಪದವೇ. ಹೀಗಾಗಿ ಗಡಿಗಳು ನಗರಗಳಿಂದ ಹಿಂದೆ ಸರಿದು ಜನ ವಿರಳವಾದ ಕಡೆ ಹೋಗಿ ನಿಲ್ಲುತ್ತವೆ. ಜಾತ್ರೆಯ ನೂಕಾಟದಲ್ಲಿ ಹೆಚ್ಚು ಕೈಗಳಿರುವ ಕಡೆಯವರು ಎದುರಿನವರನ್ನು ಹಿಂದಕ್ಕೆ ತಳ್ಳಿದಂತೆ, ಲೋಟದ ಗಾಜಿಗೆ ಅಂಟಿದ ಒಂದು ಎಳೆ ನೂಲಿನಲ್ಲಿ ಗುಳ್ಳೆ ಸಿಕ್ಕಿಕೊಂಡು ನಿಂತಂತೆ. ಸೇಂಟ್ ಲೂಯಿಸ್‌ನಿಂದ ಪಶ್ಚಿಮಕ್ಕೆ ಸುಮಾರು 400 ಕಿಲೋಮೀಟರ್ ಹೋದರೆ ಸಿಗುವ ಕಾನ್ಸಾಸ್ ಸಿಟಿ ಪಾಪ್ ಎನ್ನುತ್ತದೆ. ನಡುವೆ ಇರುವುದು ಹೆಚ್ಚಾಗಿ ಹೊಲಗಳು, ಮತ್ತು ಗಡಿಗೆ ತಂಗಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಳೆಯ ಮೈಸೂರಿನ ಕಡಲೆಕಾಯಿಯೂ ಉತ್ತರ ಕರ್ನಾಟಕದ ಶೇಂಗಾವೂ ಈ ಕಣ್ಣಿನಿಂದ ನೋಡತಕ್ಕವು. ನೆಲಗಡಲೆ ದಕ್ಷಿಣ ಅಮೆರಿಕದಿಂದ ಬಂದ ಬೆಳೆ, ಸೋಡಾದಂತೆಯೇ ಹೊಸ ವಸ್ತು. ಪ್ರತಿ ಸಂತೆಯ ಸುತ್ತಳತೆಯೂ ಅದಕ್ಕೊಂದು ಹೆಸರು ಕೊಟ್ಟು ಅನಂತರ ನೆರೆಯ ಸಂತೆಯ ಹೆಸರಿನೊಂದಿಗೆ ಹಗ್ಗ ಜಗ್ಗಿದೆ.

ಇಂಗ್ಲಿಷ್ ಮಾತನಾಡುವ ಇತರ ನಾಡುಗಳಲ್ಲಿ ಬೇರೆ ಬೇರೆ ಹೆಸರುಗಳೇ ಗೆದ್ದಿವೆ. ಗ್ಲ್ಯಾಸ್ಗೋದ ಹಿರಿಯರಿಗೆ ಎಲ್ಲ ಗುಳ್ಳೆ ಪಾನೀಯವೂ ‘ಜಿಂಜರ್’, ಅದರಲ್ಲಿ ಶುಂಠಿಯ ಸುಳಿವಿಲ್ಲದಿದ್ದರೂ. ಅದೂ ಎಣ್ಣೆಯ ಹಾದಿಯೇ. ಐರ್ಲೆಂಡಿನವರು ‘ಮಿನರಲ್’ ಎಂದು ಹಳೆಯ ಖನಿಜ ಬುಗ್ಗೆಗಳ ನೆನಪನ್ನು ಉಳಿಸಿಕೊಂಡಿದ್ದಾರೆ. ದಕ್ಷಿಣ ಭಾರತದ ‘ಕೂಲ್ ಡ್ರಿಂಕ್ಸ್’ ಉತ್ತರ ಭಾರತದಲ್ಲಿ ‘ಕೋಲ್ಡ್ ಡ್ರಿಂಕ್’ ಆಗುತ್ತದೆ, ದಕ್ಷಿಣ ಆಫ್ರಿಕಾದಲ್ಲಿ ಮತ್ತೆ ‘ಕೂಲ್ ಡ್ರಿಂಕ್’ ಆಗುತ್ತದೆ. ಒಂದೇ ಬಾಟಲಿ ಬೇಕಾದಾಗಲೂ ‘ಒಂದು ಕೂಲ್ ಡ್ರಿಂಕ್ಸ್’ ಎಂದು ಬಹುವಚನದಲ್ಲಿ ಕೇಳುವುದು ನಮ್ಮ ಸ್ವಂತ ಕೊಡುಗೆ. ಹಿಂದಿಯಲ್ಲಿ ಇದಕ್ಕೆ ‘ಠಂಡಾ’ ಎಂಬ ಸಾಮಾನ್ಯ ಹೆಸರಿತ್ತು. ಠಂಡಾ ಎಂದರೆ ಕೋಕಾ-ಕೋಲಾ ಎಂದು ಸಾರುವ ಜಾಹೀರಾತು ಈ ಶತಮಾನದ ಆರಂಭದಲ್ಲಿ ಬಂದಾಗ, ಅಟ್ಲಾಂಟಾದ ಸುತ್ತ ಜನ ಮಾಡಿದ್ದನ್ನೇ ಕಂಪನಿ ಇಲ್ಲಿ ತಲೆಕೆಳಗಾಗಿ ಮಾಡಲು ಹೊರಟಿತ್ತು: ಅಲ್ಲಿ ಕಂಪನಿಯ ಹೆಸರನ್ನು ಜನ ಸಾಮಾನ್ಯ ಪದವಾಗಿಸಿದ್ದರು, ಇಲ್ಲಿ ಜನರ ಸಾಮಾನ್ಯ ಪದವನ್ನು ಕಂಪನಿ ತನ್ನ ಹೆಸರಾಗಿಸಲು ನೋಡಿತು.

ಎಲ್ಲ ಗುಳ್ಳೆಗಳೂ ನಿಲ್ಲಲಿಲ್ಲ. ಬಾಸ್ಟನ್ ಮತ್ತು ಅದರ ಸುತ್ತಲಿನ ಹಿರಿಯರು ಇಂಥ ಪಾನೀಯವನ್ನೆಲ್ಲ ‘ಟಾನಿಕ್’ ಎನ್ನುತ್ತಿದ್ದರು. ಬಾಸ್ಟನ್ ದೊಡ್ಡ ನಗರವೇ, ಆದರೆ ಅದರ ಸುತ್ತ ಇರುವುದು ಹೊಲಗಳಲ್ಲ, ಸೋಡಾ ಎನ್ನುವ ಅಷ್ಟೇ ದಟ್ಟವಾದ ಊರುಗಳು. ಹಾರ್ವರ್ಡ್ ಸಮೀಕ್ಷೆಯ ಹೊತ್ತಿಗೆ ಇಡೀ ದೇಶದಲ್ಲಿ ಟಾನಿಕ್ ಎಂದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಆ ಸೀಮೆಯ ಲೋವೆಲ್ ಪಟ್ಟಣದಲ್ಲಿ ಆಗಸ್ಟಿನ್ ಥಾಂಪ್ಸನ್ ಎಂಬ ವೈದ್ಯ 19ನೆಯ ಶತಮಾನದಲ್ಲಿ ‘ಮಾಕ್ಸಿ’ ಎಂಬ ಕಹಿಮಿಶ್ರಿತ ಪಾನೀಯವನ್ನು ನರಗಳಿಗೆ ಬಲ ಕೊಡುವ ಔಷಧವೆಂದೇ ಮಾರಿದ್ದ. ಈಗ ಅಲ್ಲಿನ ಕಿರಿಯರಿಗೆ ಟಾನಿಕ್ ಎಂದರೆ ಜಿನ್‌ಗೆ ಬೆರೆಸುವ ಕ್ವಿನೈನಿನ ಕಹಿ ನೀರು. ಪೇಟೆಯ ಔಷಧದಂಗಡಿಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ತಂದು, ಚೆನ್ನಾಗಿ ಅಲುಗಿಸಿ, ಮುಚ್ಚಳದಲ್ಲಿ ಅಳೆದು ಕುಡಿಸುವ ದ್ರವಕ್ಕೆ ಟಾನಿಕ್ ಎನ್ನುವವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ.